ಗೋಲು ಕಾಯುವವನಿಗೆ ಮೊದಲ ಸ್ಥಾನ

ಪ್ರೀತಿಯ ಡಾರ್ಸಿ,

ನಿನ್ನ ಕಾಗದ ಶುಕ್ರವಾರ ಬಂತು. ನಾದ್ಯಾ ಅದನ್ನು ನನಗಿಂತ ಮೊದಲೇ ಒಡೆದು ಓದಿ, ಕನ್ನಡಕ ತೆಗೆದಿಟ್ಟು, "ಈಗಲಾದ್ರೂ ಆ ಹುಡುಗನಿಗೆ ನಿಜ ಹೇಳ್ತೀಯೋ, ಇಲ್ಲಾ ನಾನೇ ಬರೀಲೋ?" ಅಂದಳು. ಮೂವತ್ತೆಂಟು ವರ್ಷದ ನಿನ್ನನ್ನು ಅವಳು ಇನ್ನೂ ಹುಡುಗ ಎನ್ನುತ್ತಾಳೆ. ನನ್ನನ್ನಂತೂ ಮದುವೆಯಾದ ವರ್ಷದಿಂದಲೇ ಮುದುಕ ಎನ್ನುತ್ತಿದ್ದಾಳೆ. ಇಬ್ಬರೂ ಗಟ್ಟಿಯಾಗಿದ್ದೇವೆ, ನನ್ನ ಮೊಣಕಾಲೊಂದನ್ನು ಬಿಟ್ಟು.

ನೀನು ಎರಡು ಪ್ರಶ್ನೆ ಕೇಳಿದ್ದೀಯ. ನಿಮ್ಮ ಐಸ್ ಹಾಕಿ ತಂಡ ಈ ಸಲ ಎಲ್ಲರಿಗಿಂತ ಕೆಳಗೆ ಬಿದ್ದು, ಹೊಸ ಹುಡುಗರನ್ನು ಆರಿಸುವ ದಿನ ಮೊದಲ ಹೆಸರು ಕೂಗುವ ಹಕ್ಕು ಪಡೆದಿದೆ. ಆ ಹೆಸರನ್ನು ಹೇಳಬೇಕಾದವನು ಈಗ ನೀನೇ. ಬ್ರ್ಯಾಂಡನ್ ಊರಿನ ಕಡೆಯ ಆ ಕೆಲನ್ ಎಂಬ ಗೋಲ್‌ಕೀಪರನ್ನು ಮೊದಲಿಗೇ ತೆಗೆದುಕೊಳ್ಳಬಹುದೇ ಎಂಬುದು ಒಂದು ಪ್ರಶ್ನೆ. ಅದರ ಕೆಳಗೆ, ಬರೆದು ಹೊಡೆದು ಮತ್ತೆ ಬರೆದದ್ದು ಇನ್ನೊಂದು: "ಇಪ್ಪತ್ತು ವರ್ಷದ ಹಿಂದೆ ನಿಮ್ಮ ಕಣ್ಣು ನನ್ನನ್ನು ಎಲ್ಲರಿಗಿಂತ ಮೇಲೆ ಇಟ್ಟಿತು. ನಾನು ಅದಕ್ಕೆ ತಕ್ಕವನಾದೆನೇ? ಆ ಕಣ್ಣನ್ನೇ ನಂಬಿ ಈ ಹುಡುಗನ ಬದುಕನ್ನೂ ನನ್ನ ಕೆಲಸವನ್ನೂ ಒತ್ತೆಯಿಡುತ್ತಿದ್ದೇನೆ."

ಡಾರ್ಸಿ, ಆ ಕಣ್ಣನ್ನು ನಂಬಬೇಡ. ನಾನು ನಿನ್ನನ್ನು ಮೊದಲಿಗೆ ಇಟ್ಟಿರಲಿಲ್ಲ. ಒಂಬತ್ತನೆಯವನಾಗಿ ಇಟ್ಟಿದ್ದೆ.

ಬರೆದಾಯಿತು. ಇಪ್ಪತ್ತು ವರ್ಷ ಬಚ್ಚಿಟ್ಟಿದ್ದ ಮಾತು ಇದು. ಈಗ ಕೂತು ಮಿಕ್ಕದ್ದನ್ನು ಓದು.

ಹೊಸ ಆಟಗಾರರನ್ನು ಹುಡುಕುತ್ತಾ ಊರೂರು ಅಲೆಯುವ ನಾವು ಸ್ಕೌಟ್‌ಗಳು ಎಲ್ಲಿ ಕೂರುತ್ತೇವೆ ಎಂದು ನಿನಗೆ ಗೊತ್ತು. ಮೇಲಿನ ಸಾಲಿನಲ್ಲಿ, ಮಧ್ಯದ ಗೆರೆಯ ನೇರಕ್ಕೆ, ಕೈಯಲ್ಲಿ ಕಾಗದದ ಲೋಟದ ಕಾಫಿ, ಮೊಣಕಾಲ ಮೇಲೆ ಪುಸ್ತಕ. ಪಕ್ ಎಂಬ ಆ ಕರಿ ರಬ್ಬರ್ ಬಿಲ್ಲೆ ಹೋದ ಕಡೆ ಹತ್ತು ತಲೆಗಳು ಒಟ್ಟಿಗೆ ತಿರುಗುತ್ತವೆ. ನಾದ್ಯಾ ನಮ್ಮ ಜೊತೆ ಎಂದೂ ಕೂತವಳಲ್ಲ. ಒಂದು ಚಳಿಗಾಲ ನಾನು ನಿದ್ದೆಗಣ್ಣಿನಲ್ಲಿ ಗಾಡಿಯನ್ನು ಹಳ್ಳಕ್ಕೆ ಇಳಿಸಿದ ಮೇಲೆ ಅವಳು ನನ್ನನ್ನು ಒಬ್ಬನೇ ಎಲ್ಲಿಗೂ ಬಿಡುತ್ತಿರಲಿಲ್ಲ. ಆಟ ಗೀಟ ಅವಳಿಗೆ ಬೇಕಿರಲಿಲ್ಲ. ಬೇಕಿದ್ದದ್ದು ಬೆಚ್ಚಗಿನ ಜಾಗ. ನಮ್ಮ ಸಣ್ಣ ಊರುಗಳ ಐಸ್ ರಿಂಕ್‌ಗಳಲ್ಲಿ ಹೀಟರ್ ಇರುವುದು ಒಂದೇ ಕಡೆ, ಗೋಲಿನ ಹಿಂದಿನ ಬೆಂಚುಗಳ ಮೇಲಿನ ಸೂರಿನಲ್ಲಿ. ಅವಳು ಅಲ್ಲಿ ಕೂತು ಕಾಲುಚೀಲ ಹೆಣೆಯುತ್ತಿದ್ದಳು. ಹಾಗಾಗಿ ಯಾವ ಊರಿಗೆ ಹೋದರೂ ಅವಳ ಕಣ್ಣೆದುರು ಇರುತ್ತಿದ್ದದ್ದು ಒಬ್ಬ ಗೋಲ್‌ಕೀಪರನ ಬೆನ್ನು. ಪಕ್ ಆಚೆ ತುದಿಯಲ್ಲಿದ್ದಾಗಲೂ ಅವಳು ನೋಡುತ್ತಿದ್ದದ್ದು ಅವನನ್ನೇ.

ಮೆಲ್‌ವಿಲ್‌ನಲ್ಲಿ ನೀನು ಎಂಟು ಗೋಲು ತಿಂದ ದಿನ ನೆನಪಿದೆಯಲ್ಲ, ಮರೆಯುವ ದಿನವಲ್ಲ ಅದು. ಹೊರಗೆ ಮೈನಸ್ ಮೂವತ್ತಾರು. ಒಳಗೆ ಆ ಊರಿನ ಪೋಕರಿಗಳು ನಿನ್ನ ಹಿಂದೆ ನಿಂತು, ನಿನ್ನ ಮನೆತನದ ಹೆಸರು ಹಿಡಿದು, "ಏ ಡೆಲೋರ್ಮ್, ಬಾಗಿಲು ಹಾಕ್ಕೊಳ್ಳೋ, ಚಳಿ ಬರ್ತಿದೆ" ಎಂದು ಕೂಗುತ್ತಿದ್ದರು. ನಾನು ಮೂರನೆಯ ಅವಧಿ ಮುಗಿಯುವ ಮೊದಲೇ ಪುಸ್ತಕ ಮುಚ್ಚಿದೆ. ಬರೆದದ್ದು ಇಷ್ಟು: "ಎಂಟು ಗೋಲು. ಎತ್ತರ ಇದೆ, ಕಾಲು ಚುರುಕು. ಆರಿಸಲು ಅವಸರವಿಲ್ಲ."

ಮನೆಗೆ ಬರುವ ದಾರಿಯಲ್ಲಿ ನಾದ್ಯಾ ಹೇಳಿದಳು, "ಆ ಉದ್ದನೆಯ ಹುಡುಗ ಏನು ಮಾಡ್ದ ನೋಡಿದ್ಯಾ? ಪ್ರತಿ ಗೋಲಾದ ಮೇಲೂ ನೀರು ಕುಡೀತಾನೆ, ಆಮೇಲೆ ಯಾರ ತಪ್ಪಿಂದ ಗೋಲಾಯ್ತೋ ಅವನ ಹತ್ರ ಹೋಗಿ ಕೋಲಿಂದ ಕಾಲಿಗೆ ಮೆಲ್ಲಗೆ ಬಡಿದು, ‘ಇದು ನಂದು ಕಣೋ, ನಂದು’ ಅಂತಾನೆ. ಏಳನೇದಕ್ಕೆ ಆ ಕುಳ್ಳ ಹುಡುಗ ಅಳ್ತಾನೇ ಇದ್ದ. ಅವನಿಗೂ ಹಾಗೇ ಅಂದ. ಅದು ಅವನದ್ದಲ್ಲವೇ ಅಲ್ಲ, ಕುಳ್ಳನೇ ಕೈಯಾರೆ ಕೊಟ್ಟಿದ್ದು." ನಾನು ನಕ್ಕುಬಿಟ್ಟೆ. "ನಾದ್ಯಾ, ಎಂಟು ಗೋಲು ಕಣೇ. ಪಾದ್ರಿ ಬೇಕಾಗಿದ್ರೆ ಇವನನ್ನ ತೊಗೊಬಹುದಿತ್ತು" ಎಂದೆ. ಯಾರ್ಕ್‌ಟನ್ ಊರು ಬರುವ ತನಕ ಅವಳು ಕಿಟಕಿಯ ಕಡೆ ತಿರುಗಿ ಹೆಣೆಯುತ್ತಲೇ ಇದ್ದಳು.

ಮೇ ತಿಂಗಳಲ್ಲಿ ನಮ್ಮ ಹಿರಿಯ ಸ್ಕೌಟ್ ಗಾರ್ಥ್ ಮನೆಗೆ ಊಟಕ್ಕೆ ಬಂದ. ಪೆರೋಗಿ ಕಡುಬಿನ ಮೂರನೆಯ ತಟ್ಟೆ ಖಾಲಿ ಮಾಡಿ, ತಮಾಷೆಗೆ ಎಂಬಂತೆ ಕೇಳಿದ: "ನಾದ್ಯಾ, ನೀನಾಗಿದ್ರೆ ಯಾರನ್ನ ತೊಗೋತಿದ್ದೆ?" ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸದೆ ಮೆಲ್‌ವಿಲ್‌ನ ಕಥೆ ಹೇಳಿದಳು. ಗಾರ್ಥ್ ನಗಲಿಲ್ಲ. ಮುಂದಿನ ತಿಂಗಳು ಹೋಟೆಲಿನ ಕೋಣೆಯಲ್ಲಿ ಹುಡುಗರ ಹೆಸರಿನ ಪಟ್ಟಿಗಳನ್ನು ನಾವು ಹಲಗೆಗೆ ಅಂಟಿಸಿದ್ದೆವು. ಅವನು ಎದ್ದು ಹೋಗಿ, ಒಂಬತ್ತನೆಯ ಜಾಗದಿಂದ ನಿನ್ನ ಹೆಸರನ್ನು ಕಿತ್ತು ಎಲ್ಲಕ್ಕಿಂತ ಮೇಲೆ ಅಂಟಿಸಿದ. ನಾನೇ ಎಲ್ಲರಿಗಿಂತ ಜೋರಾಗಿ ಜಗಳಕ್ಕೆ ಬಿದ್ದೆ. "ಮನೆ ಕಟ್ಟೋಕೆ ಮುಂಚೆ ಬೀಗ ತರ್ತೀಯಲ್ಲ ಗಾರ್ಥ್" ಎಂದೆ. "ಬೀಗ ಇಲ್ದೆ ಹೋದ ವರ್ಷ ಏನೇನು ಹೋಯ್ತು ಅಂತ ನೋಡಿದ್ಯಲ್ಲ" ಎಂದ. ಆಯ್ಕೆಯ ದಿನ ಮೊದಲು ಕೂಗಿದ್ದು ನಿನ್ನ ಹೆಸರನ್ನೇ. ಮಾರನೆಯ ದಿನ ಪತ್ರಿಕೆಗಳು ನಿನ್ನನ್ನು ಕಂಡುಹಿಡಿದವನು ಈ ಬಯಲುಸೀಮೆಯ ಸ್ಕೌಟ್ ಓರೆಸ್ಟ್, ಅಂದರೆ ನಾನು, ಎಂದು ಬರೆದವು. ಗಾರ್ಥ್ ಅಲ್ಲಗಳೆಯಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ನಿಜ ಹೇಳುತ್ತೇನೆ, ಹಾಗೆ ಬರೆಸಿಕೊಂಡದ್ದು ಹಿತವಾಗಿಯೇ ಇತ್ತು.

ಜಗಳಕ್ಕೆ ನನಗೆ ಕಾರಣಗಳಿದ್ದವು. ಅವು ಇವತ್ತೂ ಸುಳ್ಳಲ್ಲ, ನೀನೂ ಕೇಳಿಸಿಕೊಳ್ಳಬೇಕು. ಮುನ್ನುಗ್ಗಿ ಆಡುವ ಹುಡುಗನಾದರೆ ಹದಿನೆಂಟಕ್ಕೇ ಐಸ್ ಮೇಲೆ ಇಳಿದು ಗೋಲು ಹೊಡೆಯುತ್ತಾನೆ, ಮೊದಲ ವರ್ಷವೇ ಜನ ಅವನ ಅಂಗಿ ತೊಟ್ಟು ಬರುತ್ತಾರೆ. ಗೋಲ್‌ಕೀಪರ್ ಮಾಗುವುದಕ್ಕೆ ಆರೇಳು ವರ್ಷ ಬೇಕು. ಅಷ್ಟರೊಳಗೆ ಅವನನ್ನು ಆರಿಸಿದವರ ಕೆಲಸ ಹೋಗಿರುತ್ತದೆ. ನೂರನೆಯವನಾಗಿ ಸಿಕ್ಕವನೂ ಒಳ್ಳೆಯ ಗೋಲ್‌ಕೀಪರ್ ಆಗಿಬಿಡುತ್ತಾನೆ, ಮೊದಲನೆಯವನು ಆಗದೇ ಉಳಿಯುತ್ತಾನೆ. ನಿನ್ನ ಹಿಂದೆಯೇ ಎರಡನೆಯವನಾಗಿ ಹೋದ ಹುಡುಗ ಬೇರೆ ತಂಡಕ್ಕೆ ಎರಡು ಕಪ್ ಗೆದ್ದುಕೊಟ್ಟ. ನಮಗೆ ಒಂದೂ ಬರಲಿಲ್ಲ. ಇದನ್ನು ನಿನ್ನಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ, ನಿನಗೇ ಬಾಯಿಪಾಠವಾಗಿದೆ.

ನೀನೂ ಕೆಳಗಿನ ಲೀಗ್‌ನಲ್ಲಿ ಆರು ವರ್ಷ ಬಸ್ಸಿನಲ್ಲೇ ಕಳೆದೆ. ನಾಲ್ಕನೆಯ ಬೇಸಿಗೆಯಲ್ಲಿ ನಮ್ಮ ಅಡುಗೆಮನೆಗೆ ಬಂದು ಕೂತು, ಬೀಟ್‌ರೂಟ್ ಸಾರಿನ ಬಟ್ಟಲನ್ನು ಮುಟ್ಟದೆ ಹೇಳಿದ್ದೆ: "ಬಿಟ್ಬಿಡ್ತೀನಿ. ಚಿಕ್ಕಪ್ಪನ ಗೋಧಿ ಲಾರಿ ಓಡಿಸ್ಕೊಂಡಿರ್ತೀನಿ. ಒಂದೇ ಒಂದು ಹೇಳಿ, ನನ್ನನ್ನ ಮೊದಲಿಗೆ ಇಟ್ಟಿದ್ದು ನೀವೇ ತಾನೆ? ತಪ್ಪಾಯ್ತು ಅಂತ ಅನ್ಸಲ್ವಾ?" ನಾನು ಬಲಗೈ ಚಾಚಿ ತೋರಿಸಿದೆ. "ಈ ಕೈಯಲ್ಲೇ ಇಟ್ಟೆ. ಈಗ ಕೇಳಿದ್ರೂ ಅಲ್ಲೇ ಇಡ್ತೀನಿ" ಎಂದೆ. ನಮಗೆ ಬೆನ್ನು ಮಾಡಿ ನಿಂತಿದ್ದ ನಾದ್ಯಾಳ ಸೌಟು ಒಂದು ಗಳಿಗೆ ನಿಂತಿತು. ನೀನು ಸಾರು ಕುಡಿದೆ. ಆಗಸ್ಟ್‌ನಲ್ಲಿ ತಂಡಕ್ಕೆ ಮರಳಿದೆ.

ನಾನು ಹೇಳಿದ ಸುಳ್ಳು ಅದು. ಅದರಿಂದ ನಿನಗೆ ಒಳ್ಳೆಯದಾಯಿತು ಎಂದು ಇಷ್ಟು ದಿನ ಸಮಾಧಾನ ಮಾಡಿಕೊಂಡೆ. ಆದರೆ ಈಗ ನೀನು ಅದರ ಮೇಲೆ ಇನ್ನೊಬ್ಬ ಹುಡುಗನನ್ನು ನಿಲ್ಲಿಸಲು ಹೊರಟಿದ್ದೀಯ. ಅದಾಗಬಾರದು.

ನೀನು ತಕ್ಕವನಾದೆಯೋ ಎಂದು ಕೇಳಿದೆಯಲ್ಲ. ಫೈನಲ್‌ನ ಏಳನೆಯ, ಕೊನೆಯ ಪಂದ್ಯ ನೆನಪು ಮಾಡಿಕೊ. ಹತ್ತೊಂಬತ್ತು ವರ್ಷದ ಆ ಹೊಸ ಡಿಫೆಂಡರ್ ಪಕ್ಕನ್ನು ನೇರ ಎದುರಾಳಿಯ ಕೋಲಿಗೇ ಕೊಟ್ಟು, ಕಪ್ ಅಲ್ಲೇ ಕೈತಪ್ಪಿತು. ಸ್ಟೇಡಿಯಂ ಪೂರ್ತಿ ಅವನ ಹೆಸರು ಹಿಡಿದು ಬೈಯುತ್ತಿತ್ತು. ನೀನು ನೀರು ಕುಡಿದೆ. ಆಮೇಲೆ ಅವನ ಕಡೆ ಜಾರಿಕೊಂಡು ಹೋಗಿ ಕೋಲಿನಿಂದ ಕಾಲಿಗೆ ಬಡಿದೆ. ಟಿವಿಯಲ್ಲಿ ನಿನ್ನ ಮಾತು ಕೇಳಿಸಲಿಲ್ಲ, ನಮಗೆ ಕೇಳಿಸುವ ಅಗತ್ಯವೂ ಇರಲಿಲ್ಲ. ನಾದ್ಯಾ ಹೆಣಿಗೆ ಕೆಳಗಿಟ್ಟು, "ಮೆಲ್‌ವಿಲ್‌ನಲ್ಲಿ ಮಾಡಿದ್ದನ್ನೇ ಮಾಡ್ತಿದಾನೆ ನೋಡು ಮುದುಕ" ಅಂದಳು. ನಾನು ಅತ್ತುಬಿಟ್ಟೆ. ಆ ಡಿಫೆಂಡರ್ ಇವತ್ತು ನಿಮ್ಮ ನಾಯಕ. ನೀನು ಗೋಲು ಕಾದ ಹತ್ತು ವರ್ಷ ನಿನ್ನ ಮುಂದೆ ಆಡಿದ ಯಾವ ಹುಡುಗನೂ ತಪ್ಪಾದೀತೆಂದು ಹೆದರಿ ಆಡಲಿಲ್ಲ. ಇದಕ್ಕೆ ಕಪ್ ಕೊಡುವುದಿಲ್ಲ, ಸ್ಕೌಟ್‌ಗಳ ಪುಸ್ತಕದಲ್ಲಿ ಇದಕ್ಕೆ ಕಾಲಂ ಇಲ್ಲ. ಆದರೆ ನಲವತ್ತು ವರ್ಷದ ಕಸುಬಿನಲ್ಲಿ ನಾನು ನೋಡಿದ ಅತ್ಯಂತ ದೊಡ್ಡ ಆಟಗಾರ ನೀನು. ಅದನ್ನು ನೋಡಲು ನನಗೆ ಹೀಟರ್ ಕೆಳಗೆ ಕೂರುವ ಬುದ್ಧಿ ಬರಲಿಲ್ಲ, ಅಷ್ಟೇ.

ಇನ್ನು ಕೆಲನ್. ಫೆಬ್ರವರಿಯಲ್ಲಿ ಪಕ್ಕದ ಮನೆಯವರ ಮೊಮ್ಮಗನ ಆಟಕ್ಕೆ ಹೋಗಿದ್ದಾಗ ಅವನನ್ನು ಕಂಡೆವು. ಅವನ ತಂಡ ಒಂದಕ್ಕೆ ನಾಲ್ಕು ಗೋಲಿನಿಂದ ಗೆದ್ದಿತು. ನನ್ನ ಕಣ್ಣಿಗೆ ನಿನಗಿಂತ ಚುರುಕು. ನಿಜವಾದ ಸ್ಕೌಟ್ ಏನನ್ನುತ್ತಾಳೆ ಎಂದು ನಾದ್ಯಾಳನ್ನು ಕೇಳಿದೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ: "ಗೆದ್ದ ದಿನ ನೋಡಿದ್ದು, ಏನು ಹೇಳ್ಲಿ? ಅವನು ಮೈತುಂಬಾ ಗೋಲು ತಿಂದ ದಿನ ಯಾವುದು ಅಂತ ಹುಡುಕೋಕೆ ಹೇಳು. ಆ ದಿನ ತಪ್ಪು ಮಾಡಿದ ಹುಡುಗನ ಮನೆಗೆ ಹೋಗಿ, ಗೋಲಾದ ಮೇಲೆ ಕೆಲನ್ ಏನಂದ ಅಂತ ಕೇಳೋಕೆ ಹೇಳು. ಕೋಚ್‌ನ ಕೇಳ್ಬೇಡ, ಸ್ಕೌಟ್‌ಗಳನ್ನಂತೂ ಕೇಳ್ಲೇಬೇಡ." ಇನ್ನೂ ಹದಿನೈದು ದಿನವಿದೆ, ಹೋಗಿ ಬಾ. ಉತ್ತರ ಸರಿ ಬಂದರೆ ಹೆದರದೆ ಮೊದಲಿಗೇ ಕರೆ, ಆರು ವರ್ಷ ಕಾಯುತ್ತೇವೆಂದು ಮಾಲೀಕರಿಂದ ಮಾತು ತೆಗೆದುಕೊಂಡು ಕರೆ. ನಾಲ್ಕನೆಯ ವರ್ಷ ಅವನೂ ಯಾರದೋ ಅಡುಗೆಮನೆಯಲ್ಲಿ ಬಂದು ಕೂರುತ್ತಾನೆ. ಅವನಿಗೆ ಸುಳ್ಳು ಹೇಳುವ ಅವಸ್ಥೆ ನಿನಗೆ ಬಾರದಿರಲಿ.

ಇದರ ಜೊತೆ ಒಂದು ಜೊತೆ ಕಾಲುಚೀಲವಿದೆ, ಮೆಲ್‌ವಿಲ್‌ನಲ್ಲಿ ನಾದ್ಯಾ ನಿನ್ನ ಬೆನ್ನ ಹಿಂದೆ ಕೂತು ಹೆಣೆದದ್ದು. ನಿನಗೆ ಕೊಡಬೇಕೆಂದು ತೆಗೆದಿಟ್ಟವಳು, ಕೊಟ್ಟರೆ ನನ್ನ ಗುಟ್ಟು ರಟ್ಟಾದೀತೆಂದು ಸುಮ್ಮನಿದ್ದಳಂತೆ. ನನ್ನ ಆ ವರ್ಷದ ಪುಸ್ತಕದ ಹಾಳೆಯೂ ಇದೆ. ಒಂಬತ್ತನೆಯ ಸಾಲಿನಲ್ಲಿ ನಿನ್ನ ಹೆಸರು ಕಾಣುತ್ತದೆ. ಈ ಬೆಳಿಗ್ಗೆ ಅದನ್ನು ಹೊಡೆದುಹಾಕಿ, ಎಲ್ಲರಿಗಿಂತ ಮೇಲೆ, ಹಾಳೆಯ ಅಂಚಿನಲ್ಲಿ ಬರೆದಿದ್ದೇನೆ. ಅಂದು ತೋರಿಸಿದ ಕೈಯಿಂದಲೇ ಬರೆದದ್ದು.

ಆ ಹುಡುಗನಿಗೂ ನಿನಗೂ ಒಳಿತಾಗಲಿ ಎಂದು ಹರಸುತ್ತಾ,

ನಿನ್ನನ್ನು ತಡವಾಗಿ ಕಂಡ
ಓರೆಸ್ಟ್