ಎಡಗಡೆ ಮುಂದಿನ ಚಕ್ರ

೬ ಮಾರ್ಚಿ ೧೯೫೯, ಶುಕ್ರವಾರ

ಬೆಳಿಗ್ಗೆ ನಲವತ್ತು ಕ್ರೇಟು ಸೋಡಾ ತುಂಬಿ ಕಳಿಸಿದೆ. ಮುಕ್ಕಾಲು ಪಾಲು ಭದ್ರಾವತಿಗೇ. ಬಿಸಿಲು ಏರಿದೆ... ಎಷ್ಟು ಮಾಡಿದ್ರೂ ಸಾಲ್ತಿಲ್ಲ.

ಕಬ್ಬಿಣದಂಗಡಿ ರಾಮಚಂದ್ರಪ್ಪ ಬಂದಿದ್ರು. ಎರಡು ಪಿಕಪ್ಪು ತಗೊಳ್ತಾರಂತೆ. ಯಾವುದು ಬಾಳಿಕೆ ಬರುತ್ತೆ, ಯಾವುದು ದಾರೀಲಿ ಕೈಕೊಡಲ್ಲ ಅಂತ ಕೇಳಿದ್ರು. ಊರಲ್ಲಿ ಎಲ್ಲರೂ ಇದನ್ನ ನನ್ನನ್ನೇ ಕೇಳ್ತಾರೆ. ಹೇಳಿದೆ: ವಿಲ್ಲೀಸ್ ಮಣ್ಣುರಸ್ತೆಗೆ ಗಟ್ಟಿ, ಡಾಡ್ಜು ಭಾರಕ್ಕೆ ಒಳ್ಳೇದು, ಫಾರ್ಗೋಗೆ ಸಾಮಾನು ಸುಲಭವಾಗಿ ಸಿಗುತ್ತೆ. ನಮ್ಮದು ಮಿಲಿಟರಿಯವರು ಹರಾಜು ಹಾಕಿದ ಹಳೇ ಮಾಲು, ಆದರೂ ಹತ್ತು ವರ್ಷದಲ್ಲಿ ದಾರೀಲಿ ನಿಂತದ್ದು ಎರಡೇ ಸಲ ಅಂದೆ.

ಅವರು ನಕ್ಕರು. "ಅದು ಗಾಡಿ ಗುಣ ಅಲ್ಲ ಶಿವಯೋಗಪ್ಪನೋರೆ, ನಿಮ್ಮ ಡ್ರೈವರ್ ಕೃಷ್ಣಪ್ಪನ ಗುಣ." ಗಾಡಿ ಬಂದ ಮೇಲೆ ಅವನನ್ನ ಬಿಟ್ಟುಕೊಡಿ, ನನ್ನ ಗಾಡಿಗಳಿಗೆಲ್ಲ ಅವನೇ ಮೇಸ್ತ್ರಿ ಅಂದ್ರು. ಕೃಷ್ಣಪ್ಪ ಒಪ್ಪಿದ್ರೆ ನಾನ್ಯಾಕೆ ಬೇಡ ಅನ್ಲಿ ಅಂದೆ. ಒಳಗೆ ಸ್ವಲ್ಪ ಚುಚ್ಚಿತು. ಗಾಡಿ ನಂದು, ಹೆಸರು ಅವನದು.

ಸಂಜೆ ಕೃಷ್ಣಪ್ಪ ತಲೆ ಕೆರ್ಕೊಂಡು ನಿಂತ. ಭಾನುವಾರ ಬಸುರಿ ಮಗಳನ್ನ ಗಂಡನ ಮನೆಗೆ ಬಿಡಬೇಕು, ಟ್ರಂಕು ಮಂಚ ಇದೆ, ಗಾಡಿ ಕೊಡ್ತೀರಾ ಅಂದ. ವಾರಕ್ಕೊಂದು ದಿನ ಗಾಡಿಗೂ ರೆಸ್ಟ್ ಬೇಡ್ವೇನೋ ಮಾರಾಯ ಅಂದೆ. ಸರಿ ಅಂದ. ಮುಖದಲ್ಲಿ ಏನೂ ತೋರಿಸಲಿಲ್ಲ. ಹಾಗಾದ್ರೆ ನಾಳೆ ಮುಂದಿನ ಚಕ್ರ ಬಿಚ್ಚಿ ಗ್ರೀಸ್ ಹಾಕ್ಬಿಡ್ತೀನಿ ಅಂದ.

೮ ಮಾರ್ಚಿ, ಭಾನುವಾರ, ಸಂಜೆ ಆರು

ನಾದಿನಿ ಮಕ್ಕಳನ್ನ ಕರ್ಕೊಂಡು ದಾವಣಗೆರೆಯಿಂದ ಬಂದಿದಾಳೆ. ಆನೆ ನೋಡ್ಬೇಕು ಅಂತ ಹಠ. ಗಾಡಿ ತೆಗೆದೆ. ಕೃಷ್ಣಪ್ಪನಿಗೆ ಇಲ್ಲ ಅಂದವನು... ಅವನ ಮನೆ ಸೀಗೆಹಟ್ಟೀಲಿ. ಆ ಕಡೆ ಹೋಗ್ದೆ ಸುತ್ತು ಹಾಕ್ಕೊಂಡು ಹೋದೆ.

ಸಕ್ರೆಬೈಲು ಎರಡು ಮೈಲಿ ಇದೆ ಅನ್ನೋವಾಗ ಪಂಕ್ಚರ್. ಎಡಗಡೆ ಮುಂದಿನ ಚಕ್ರ. ನಾನೇ ಜಾಕಿ ಕೊಟ್ಟೆ. ನಟ್ಟು ಜಪ್ಪಯ್ಯ ಅಂದ್ರೂ ಅಲ್ಲಾಡ್ಲಿಲ್ಲ, ಪಾನಾ ಸಿಕ್ಕಿಸಿ ಅದರ ಹಿಡಿ ಮೇಲೆ ಹತ್ತಿ ನಿಂತೆ. ಬಿಚ್ಚಿದ ನಟ್ಟುಗಳನ್ನ ಹೆಂಡತಿ ದಾಕ್ಷಾಯಣಿ ಕೈಲಿ ಕೊಟ್ಟೆ, ಸೆರಗಲ್ಲಿ ಇಟ್ಕೊಂಡ್ಲು. ಸ್ಟೆಪ್ನಿ ಹಾಕ್ದೆ. ಮಕ್ಕಳು ಒಂದೇ ಸಮ ಕೂಗ್ತಿದ್ವು, ಆನೆ ಸ್ನಾನ ಮುಗಿದುಹೋಗುತ್ತೆ ಅಂತ. ಹೊರಟ್ವಿ. ಆನೆ ನೋಡಿದ್ವಿ. ಮರಿ ಒಂದು ನೀರು ಚಿಮ್ಮಿಸಿ ನಾದಿನಿ ಸೀರೆ ಎಲ್ಲ ಒದ್ದೆ. ಚೆನ್ನಾಗಿತ್ತು.

ಬರ್ತಾ ಪಂಕ್ಚರ್ ಹಾಕಿಸಿ, ಆ ಟೈರನ್ನ ಸ್ಟೆಪ್ನಿ ಜಾಗಕ್ಕೆ ಕಟ್ಟಿದೆ. ಗಾಡಿ ತೊಳೆದೆ. ಅವನಿಗೆ ಗೊತ್ತಾಗಲ್ಲ.

೯ ಮಾರ್ಚಿ, ಸೋಮವಾರ, ಮಧ್ಯಾಹ್ನ ಮೂರು

ಭದ್ರಾವತಿ ದಾರೀಲಿ ಮಲವಗೊಪ್ಪ ದಾಟಿ ಗಾಡಿ ಮಗುಚಿದೆ. ಹನ್ನೊಂದಕ್ಕೆ ಒಬ್ಬರು ಸೈಕಲ್ಲಲ್ಲಿ ಬಂದು ಹೇಳಿದ್ರು. ಚಕ್ರ ಕಳಚಿ ಉರುಳಿಕೊಂಡು ಹೋಯ್ತಂತೆ, ಗಾಡಿ ಹಳ್ಳಕ್ಕೆ. ಕೃಷ್ಣಪ್ಪ ಆಸ್ಪತ್ರೇಲಿ. ಜೀವಕ್ಕೇನಿಲ್ಲ. ಎಡಗೈ ಮೊಣಕೈ ಹತ್ರ ಪುಡಿ ಪುಡಿ.

ಸ್ಥಳಕ್ಕೆ ಹೋಗಿದ್ದೆ. ರಸ್ತೆ ತುಂಬ ಸೋಡಾ ಬಾಟ್ಲಿ ಗಾಜು, ಗೋಲಿ. ಕಳಚಿದ್ದು ಎಡಗಡೆ ಮುಂದಿನ ಚಕ್ರ.

ಜಾಕಿ ಇಳಿಸಿದ ಮೇಲೆ ನಟ್ಟು ಇನ್ನೊಂದ್ಸಲ ಬಿಗಿ ಮಾಡ್ಬೇಕು. ಅದು ಯಾರಿಗೆ ಗೊತ್ತಿಲ್ಲ. ನಿನ್ನೆ ನಾನು ಮಾಡಿದ್ನಾ? ಅಲ್ಲಿ ಹೋಗಿ ಮಾಡೋಣ ಅಂದ್ಕೊಂಡೆ. ಅಂದ್ಕೊಂಡದ್ದು ನೆನಪಿದೆ. ಮಾಡಿದ್ದು—ಇಲ್ಲ. ಮಾಡ್ಲಿಲ್ಲ.

೧೦ ಮಾರ್ಚಿ, ಮಂಗಳವಾರ

ಹೇಳ್ಬೇಕು ಅಂತಲೇ ಆಸ್ಪತ್ರೆಗೆ ಹೋದೆ. ಕೃಷ್ಣಪ್ಪ ನನ್ನ ನೋಡ್ತಿದ್ದ ಹಾಗೇ ಅತ್ತ. ಎದ್ದು ಕೂರೋಕಾಗಲ್ಲ, ಬಲಗೈ ಚಾಚಿ ನನ್ನ ಕಾಲು ಹುಡುಕಿದ. "ನಂದೇ ತಪ್ಪು ಯಜಮಾನ್ರೆ. ಶನಿವಾರ ಗ್ರೀಸ್ ಹಾಕಿ ಚಕ್ರ ಕೂಡಿಸಿದ್ದು ನಾನೇ. ನಟ್ಟು ಬಿಗಿ ಮಾಡಿದೆ ಅಂತಲೇ ಅನ್ಸುತ್ತೆ. ಆದ್ರೆ ಮಾಡಿಲ್ಲ ಅಲ್ವಾ." ಪಕ್ಕದಲ್ಲಿ ಅವನ ಹೆಂಡತಿ ಶಕುಂತಲಮ್ಮ ಕಣ್ಣು ಒರೆಸ್ಕೋತಾ ನಿಂತಿದ್ರು. ವಾರ್ಡಿನ ಜನ ಎಲ್ಲ ನೋಡ್ತಿದ್ರು.

ಬಾಯಿ ತೆಗೆದೆ. ಬಂದ ಮಾತು: "ಆಗಿದ್ದಾಯ್ತು ಬಿಡು. ನಾನು ಮನಸ್ಸಲ್ಲಿ ಇಟ್ಕೊಳ್ಳಲ್ಲ."

ನಾನು ಅವನನ್ನ ಕ್ಷಮಿಸಿ ಬಂದೆ.

ಮನೇಲಿ ದಾಕ್ಷಾಯಣಿ ಊಟ ಬಡಿಸ್ತಾ ಕೇಳಿದ್ಲು, ಹೇಳಿದ್ರಾ ಅಂತ. ಏನನ್ನ ಅಂದೆ. ಅವಳು ಸಾರಿನ ಪಾತ್ರೆ ಕೆಳಗಿಟ್ಲು. "ನಟ್ಟು ನನ್ನ ಸೆರಗಲ್ಲಿ ಇತ್ತು." ಅಷ್ಟೇ ಅಂದು ಒಳಗೆ ಹೋದ್ಲು.

೧೪ ಮಾರ್ಚಿ, ಶನಿವಾರ

ಸೋಡಾನ ಬಾಡಿಗೆ ಗಾಡೀಲಿ ಕಳಿಸ್ತಿದೀನಿ. ಆಸ್ಪತ್ರೆಗೆ ದಿನಾ ಹೋಗ್ತೀನಿ. ಕಿತ್ತಳೆಹಣ್ಣು, ಹಾರ್ಲಿಕ್ಸ್. ಅವರ ಮನೆಗೆ ಅಕ್ಕಿ ಕಳಿಸಿದೆ. ಮೋಟಾರ್ ಸ್ಟ್ಯಾಂಡಿನಲ್ಲಿ ಹೇಳ್ಕೊಳ್ತಾರಂತೆ—ಯಜಮಾನ ಅಂದ್ರೆ ಹೀಗಿರಬೇಕು, ಗಾಡಿ ಹಾಳು ಮಾಡಿದ ಡ್ರೈವರಿಗೆ ಹಣ್ಣು ತಗೊಂಡು ಹೋಗ್ತಾರೆ ಅಂತ.

ನಾಳೆ ಹೇಳ್ತೀನಿ. ಜನ ಇಲ್ಲದ ಹೊತ್ತಲ್ಲಿ.

೨ ಏಪ್ರಿಲ್, ಗುರುವಾರ

ಹೇಳ್ಲಿಲ್ಲ.

ಬ್ಯಾಂಡೇಜು ಬಿಚ್ಚಿದ್ರು. ಕೈ ಮಡಚೋಕೆ ಬರಲ್ಲ. ಕೋಲಿನ ಹಾಗೆ ನೆಟ್ಟಗೆ. ಗೇರ್ ಹಾಕೋ ಕೈ ಅದು. ಡಾಕ್ಟರ್ ಎಣ್ಣೆ ನೀವಿಕೊಳ್ಳಿ ಅಂದ್ರು, ಅವರ ದನಿಯಲ್ಲೇ ಗೊತ್ತಾಯ್ತು. ಕೃಷ್ಣಪ್ಪ ನನ್ನ ಮುಂದೆ ಆ ಕೈಯನ್ನ ಬೆನ್ನ ಹಿಂದೆ ಇಟ್ಕೋತಾನೆ. ಅವನಿಗೆ ನಾಚಿಕೆ!

೧೯ ಏಪ್ರಿಲ್, ಭಾನುವಾರ

ಇವತ್ತು ಮಾಡಿದ್ದನ್ನ ಬರೀಲೇಬೇಕು.

ರಾಮಚಂದ್ರಪ್ಪ ಬಂದ್ರು. ಗಾಡಿಗೆ ಹಣ ಕಟ್ಟೋ ಮುಂಚೆ ಒಂದು ಮಾತು ಅಂದ್ರು. ನಿಮ್ಮ ಗಾಡಿಯಂಥದ್ದೇ ಹೀಗಾಯ್ತಲ್ಲ, ಪಿಕಪ್ಪೇ ಬೇಡ, ಎತ್ತಿನ ಗಾಡೀನೇ ಇರಲಿ ಅಂತ ಮನೇಲಿ ಹೇಳ್ತಿದಾರೆ, ಏನ್ಮಾಡ್ಲಿ? ಗಾಡಿ ತಪ್ಪೇನಿಲ್ಲ ಅಂದೆ. ನಿಜ. ಅಲ್ಲಿಗೆ ನಿಲ್ಲಿಸಬಹುದಿತ್ತು. ಮತ್ತೆ ಯಾರ ತಪ್ಪು ಅನ್ನೋ ಹಾಗೆ ನೋಡಿದ್ರು.

"ಕೃಷ್ಣಪ್ಪ ನಟ್ಟು ಮರೆತ" ಅಂದೆ.

ಯಾರೂ ನನ್ನ ಬಾಯಲ್ಲಿ ಹಾಕ್ಲಿಲ್ಲ. ನಾನೇ ಅಂದೆ, ಸಲೀಸಾಗಿ ಬಂತು. ಅವರು ಲೊಚಗುಟ್ಟಿದ್ರು. ಕೈ ಹೋದ್ರೂ ಪರವಾಗಿಲ್ಲ, ಗಾಡಿ ನೋಡ್ಕೊಳ್ಳೋಕೆ ಕಣ್ಣು ಸಾಕು, ಅವನನ್ನೇ ಇಟ್ಕೊಳ್ಳೋಣ ಅಂತಿದ್ದೆ... ಆದ್ರೆ ನಟ್ಟು ಮರೆಯೋನನ್ನ ಹೇಗೆ ಇಡೋದು ಅಂದ್ರು. ಕಾಫಿ ಕುಡಿದು ಹೋದ್ರು.

ದಾಕ್ಷಾಯಣಿ ಬಾಗಿಲ ಹಿಂದೆ ಇದ್ಲು. ಎಲ್ಲ ಕೇಳಿಸ್ಕೊಂಡಿದಾಳೆ. ಕಾಫಿ ಲೋಟ ಎತ್ಕೊಂಡು ಒಳಗೆ ಹೋದ್ಲು.

೭ ಜೂನ್, ಭಾನುವಾರ

ಇಷ್ಟು ದಿನ ಈ ಪುಸ್ತಕ ಮುಟ್ಟಿರಲಿಲ್ಲ.

ಕೃಷ್ಣಪ್ಪ ಸೀಗೆಹಟ್ಟಿ ಮನೆ ಬಿಟ್ಟ. ಭದ್ರಾವತಿ ಹಳೇನಗರದಲ್ಲಿ ಶಕುಂತಲಮ್ಮನ ಅಣ್ಣ ಇದಾರೆ, ಕಾರ್ಖಾನೆ ಕೆಲಸ. ಅವರ ಹಿತ್ತಲ ಕೋಣೆಗೆ ಹೋದ್ರು. ಹೋಗೋ ಮುಂಚೆ ಹೇಳೋಕೆ ಬಂದಿದ್ದ. ರಿಪೇರಿ ಆದ ಗಾಡಿ ಶೆಡ್ಡಲ್ಲಿ ನಿಂತಿತ್ತು. ಹತ್ರ ಹೋದ, ಬಾನೆಟ್ಟಿನ ಮೇಲೆ ಬಲಗೈ ಇಡೋಕೆ ಹೋಗಿ ಹಾಗೇ ಹಿಂದಕ್ಕೆ ತಗೊಂಡ. ಹೊಸ ಡ್ರೈವರಿಗೆ ಹೇಳಿ, ಸೆಕೆಂಡ್ ಗೇರು ಸ್ವಲ್ಪ ಬಿಗಿ, ಬಲವಂತ ಮಾಡ್ಬಾರದು ಅಂತ ಅಂದ.

ಹೂಂ ಅಂದೆ.

೧೪ ಆಗಸ್ಟ್, ಶುಕ್ರವಾರ

ಶಕುಂತಲಮ್ಮ ಬಂದಿದ್ರು. ದಾಕ್ಷಾಯಣಿ ಹತ್ರ ಅಡಿಗೆಮನೇಲಿ ಕೂತು ಮಾತಾಡಿದ್ರು. ನಾನು ಹಜಾರದಲ್ಲಿ ಪೇಪರ್ ಹಿಡ್ಕೊಂಡು ಕೂತಿದ್ದೆ, ಕೇಳಿಸ್ತಿತ್ತು.

ಕೈ ಹೋದದ್ದಕ್ಕಲ್ಲ ಅವರು ಬಂದದ್ದು. ಅವನಿಗೆ ತನ್ನ ಮೇಲೇ ನಂಬಿಕೆ ಇಲ್ವಂತೆ. ಬಾಗಿಲು ಹಾಕಿದ್ನಾ ಅಂತ ಮೂರ್ಮೂರು ಸಲ ಎದ್ದು ನೋಡ್ತಾನೆ. ಒಲೆ ಆರಿಸಿದ್ಯಾ ಅಂತ ಕೇಳ್ತಾನೆ, ಆರಿಸಿದ್ದೀನಿ ಅಂದ್ರೂ ಹೋಗಿ ಬೂದಿ ಕೆದಕ್ತಾನೆ. ಬಾಣಂತನಕ್ಕೆ ಬಂದಿರೋ ಮಗಳಿಗೆ ಗಂಡು ಮಗು ಆಗಿದೆ. ಅದನ್ನ ಎತ್ಕೊಳ್ಳಲ್ಲ—ನನ್ನ ಕೈಲಿ ಕೊಡಬೇಡಿ, ನಾನು ಏನು ಮಾಡಿದೆ ಏನು ಬಿಟ್ಟೆ ನನಗೇ ಗೊತ್ತಾಗಲ್ಲ ಅಂತಾನೆ. ಅಣ್ಣ ಕಾರ್ಖಾನೆ ಗೇಟಲ್ಲಿ ವಾಚ್‌ಮನ್ ಕೆಲಸಕ್ಕೆ ಹೇಳಿದ್ರೆ ಬೇಡ ಅಂದ್ನಂತೆ. ಯಜಮಾನ್ರ ಮಾತು ಕೇಳ್ತಾರೆ, ನೀವೊಂದು ಸಲ ಬುದ್ಧಿ ಹೇಳ್ಸಿ ತಾಯಿ ಅಂದ್ರು ಶಕುಂತಲಮ್ಮ.

ಅವರು ಹೋದ ಮೇಲೆ ದಾಕ್ಷಾಯಣಿ ಹಜಾರಕ್ಕೆ ಬಂದ್ಲು. ಐದು ತಿಂಗಳಲ್ಲಿ ಮೊದಲ ಸಲ ಆ ವಿಷಯ ಎತ್ತಿದ್ಲು. "ಭಾನುವಾರ ಭದ್ರಾವತಿಗೆ ನೀವು ಹೋಗಿ. ಇಲ್ದಿದ್ರೆ ನಾನು ಹೋಗ್ತೀನಿ."

೧೬ ಆಗಸ್ಟ್, ಭಾನುವಾರ, ಸಂಜೆ

ಬೆಳಗಿನ ರೈಲಿಗೆ ಹೋದೆ. ಹಿತ್ತಲ ಕೋಣೆ. ಕೃಷ್ಣಪ್ಪ ಬಾಗಿಲಲ್ಲೇ ಇದ್ದ, ಗಡ್ಡ ಬಿಟ್ಟಿದಾನೆ. ಚಾಪೆ ಹಾಸಿದ. ಶಕುಂತಲಮ್ಮ ಕಾಫಿಗೆ ನೀರಿಟ್ರು. ಅವನು ಗಾಡಿ ವಿಚಾರ ಕೇಳ್ದ. ಇನ್ನು ಅರೆ ಗಳಿಗೆ ಕೂತ್ರೆ ಹೇಳದೇ ಬಂದ್ಬಿಡ್ತೀನಿ ಅನ್ನಿಸ್ತು. ಹೇಳ್ದೆ. ಭಾನುವಾರ ಗಾಡಿ ತೆಗೆದದ್ದು, ಪಂಕ್ಚರ್, ಚಕ್ರ ಹಾಕಿದ್ದು, ನಟ್ಟು ಬಿಗಿ ಮಾಡದೇ ಹೊರಟದ್ದು, ಗಾಡಿ ತೊಳೆದು ಮುಚ್ಚಿಟ್ಟದ್ದು. ರಾಮಚಂದ್ರಪ್ಪನವರ ಹತ್ರ ಆಡಿದ ಮಾತೂ.

ಬೈತಾನೆ ಅಂತ ಕಾದೆ. ಅವನು ಕೇಳಿದ್ದು ಒಂದೇ.

"ಶನಿವಾರ ನಾನು ಬಿಗಿ ಮಾಡಿದ್ನಾ?"

"ಮಾಡಿದ್ದೆ. ಬಿಚ್ಚೋಕೆ ಪಾನಾದ ಮೇಲೆ ಹತ್ತಿ ನಿಲ್ಲಬೇಕಾಯ್ತು."

"ಹತ್ತಿ ನಿಂತ್ರಾ?"

"ಹೂಂ. ಎರಡು ಕಾಲೂ ಇಟ್ಟು."

ಹೆಂಡತೀನ ಕರೆದ. ಇನ್ನೊಂದು ಸಲ ಹೇಳಿ, ಇವಳೂ ಕೇಳ್ಲಿ ಅಂದ. ಹೇಳ್ದೆ. ಐದೂ ನಟ್ಟಾ ಅಂತ ಕೇಳ್ದ. ಐದೂ ಅಂದೆ. ಗೋಡೆಗೆ ಒರಗಿ ಕಣ್ಣು ಮುಚ್ಕೊಂಡ. ಮಡಚದ ಆ ಕೈ ಚಾಪೆ ಮೇಲೆ ನೆಟ್ಟಗೆ ಬಿದ್ದಿತ್ತು, ಬಚ್ಚಿಡ್ಲಿಲ್ಲ.

ಮಾತಾಡಿದ್ದು ಶಕುಂತಲಮ್ಮ. ಒಲೆಯಿಂದ ಕಾಫಿ ನೀರು ಇಳಿಸಿಬಿಟ್ರು. "ಆಸ್ಪತ್ರೇಲಿ ಇವರು ನಿಮ್ಮ ಕಾಲು ಹಿಡಿದಾಗ ಮನಸ್ಸಲ್ಲಿ ಇಟ್ಕೊಳ್ಳಲ್ಲ ಅಂದ್ರಿ. ಆವತ್ತಿಂದ ಸೋಮವಾರ ಸೋಮವಾರ ನಿಮ್ಮ ಹೆಸರಲ್ಲಿ ದೀಪ ಹಚ್ತಾ ಇದೀನಿ."

ತಲೆ ಎತ್ತೋಕಾಗ್ಲಿಲ್ಲ.

ಕೊನೆಗೆ ಕೃಷ್ಣಪ್ಪ ಹೇಳ್ದ, ಸಾವಕಾಶವಾಗಿ, ಕಣ್ಣು ತೆಗೆಯದೇ. ಅಕ್ಕಿ ಕಳಿಸೋದು ನಿಲ್ಲಿಸಿ. ನನಗೆ ಬೇಕಾದ್ದು ಬೇರೆ. ನೀವು ಬಾಯಲ್ಲಿ ಹೇಳಿದ್ದು ನಾಲ್ಕು ದಿನಕ್ಕೆ ಮರೆತುಹೋಗುತ್ತೆ. ಬರೆದು ಕೊಡಿ. ಮೋಟಾರ್ ಸ್ಟ್ಯಾಂಡಿನಲ್ಲಿ ಓದಿಸ್ತೀನಿ. ಮಂಗಳವಾರ ಬರ್ತೀನಿ.

ಬಾಗಿಲ ತನಕ ಬರ್ಲಿಲ್ಲ. ಹಿತ್ತಲು ದಾಟೋವಾಗ ತಿರುಗಿ ನೋಡ್ದೆ. ಮಗಳು ಒಳಗಿಂದ ಕೂಸು ತಂದು ಅವನ ತೊಡೆ ಮೇಲೆ ಮಲಗಿಸ್ತಿದ್ಲು. ಅವನು ಬೇಡ ಅನ್ಲಿಲ್ಲ.

೧೭ ಆಗಸ್ಟ್, ಸೋಮವಾರ

ರಾಮಚಂದ್ರಪ್ಪನವರ ಅಂಗಡಿಗೆ ಹೋಗಿ ಹೇಳಿದೆ. ಗಿರಾಕಿಗಳಿದ್ರು. ಅವರು ಹೋಗ್ಲಿ ಅಂತ ಕಾಯ್ಲಿಲ್ಲ—ಕಾದ್ರೆ ಮತ್ತೆ ಉಳ್ಕೊಳ್ಳುತ್ತೆ. ರಾಮಚಂದ್ರಪ್ಪ ತಕ್ಕಡಿಯ ತೂಕದ ಬಟ್ಟು ಕೆಳಗಿಟ್ಟು ಕೇಳಿಸ್ಕೊಂಡ್ರು. ಎರಡೂ ಗಾಡಿ ಬಂದಿದೆ, ಎರಡು ಸಲ ಗ್ಯಾರೇಜು ಸೇರಿದೆ, ನೋಡ್ಕೊಳ್ಳೋರು ಸರಿ ಇಲ್ಲ ಅಂದ್ರು. ಕೆಲಸಕ್ಕೆ ಬಾ ಅಂತ ಕೃಷ್ಣಪ್ಪನಿಗೆ ಇವತ್ತೇ ಹೇಳಿ ಕಳಿಸ್ತಾರಂತೆ. ಅಷ್ಟು ಹೇಳಿ ಗಿರಾಕಿ ಕಡೆ ತಿರುಗಿದ್ರು. ಇಷ್ಟು ವರ್ಷದಲ್ಲಿ ಮೊದಲ ಸಲ ಆ ಅಂಗಡೀಲಿ ಯಾರೂ ನನಗೆ ಕೂತ್ಕೊಳ್ಳಿ ಅನ್ಲಿಲ್ಲ.

ಮನೇಲಿ ದಾಕ್ಷಾಯಣಿಗೆ ಹೇಳಿದೆ. ಬಚ್ಚಲಲ್ಲಿ ನೀರು ಕಾದಿದೆ, ಸ್ನಾನ ಮಾಡಿ ಬನ್ನಿ ಅಂದ್ಲು. ದನಿ ಮೆತ್ತಗಿತ್ತು ಅನ್ನಿಸ್ತು. ಖಾತ್ರಿ ಇಲ್ಲ.

೧೮ ಆಗಸ್ಟ್, ಮಂಗಳವಾರ, ಬೆಳಿಗ್ಗೆ ಎಂಟು

ಹತ್ತು ಗಂಟೆ ರೈಲಿಗೆ ಬರ್ತಾನೆ. ಕಾಗದ ಇನ್ನೂ ಆಗಿಲ್ಲ. ಮೂರು ಹಾಳೆ ಹರಿದು ಹಾಕಿದೆ. ಒಂದರಲ್ಲಿ ಮಕ್ಕಳ ಗಲಾಟೆ ಅಂತ ಬರೆದಿದ್ದೆ, ಇನ್ನೊಂದರಲ್ಲಿ ಕೈತಪ್ಪಿನಿಂದ ಅಂತ. ಮೊದಲು ಇಲ್ಲಿ ಬರ್ಕೊಂಡು ಆಮೇಲೆ ಇಳಿಸ್ತೀನಿ.

ಶಿವಮೊಗ್ಗದ ಸೋಡಾ ಫ್ಯಾಕ್ಟರಿ ಶಿವಯೋಗಪ್ಪನಾದ ನಾನು ಬರೆದುಕೊಟ್ಟ ಕಾಗದ. ೮ನೇ ಮಾರ್ಚಿ ಭಾನುವಾರ ನನ್ನ ಪಿಕಪ್ಪಿನ ಎಡಗಡೆ ಮುಂದಿನ ಚಕ್ರ ಬಿಚ್ಚಿ ಹಾಕಿದವನು ನಾನು. ನಟ್ಟು ಬಿಗಿ ಮಾಡಲಿಲ್ಲ. ಯಾರಿಗೂ ಹೇಳಲಿಲ್ಲ. ಅದಕ್ಕೆ ಹಿಂದಿನ ದಿನ ನನ್ನ ಡ್ರೈವರ್ ಕೃಷ್ಣಪ್ಪ

ಬರೀ ಕೃಷ್ಣಪ್ಪ ಅಂತಲ್ಲ. ಹತ್ತು ವರ್ಷ ಅವನು ಇವನು ಅಂದದ್ದಾಯ್ತು. ಸ್ಟ್ಯಾಂಡಿನಲ್ಲಿ ಎಲ್ಲರ ಮುಂದೆ ಓದೋ ಕಾಗದ.

ಹಿಂದಿನ ದಿನ ಕೃಷ್ಣಪ್ಪನವರು ಐದೂ ನಟ್ಟು ಬಿಗಿ ಮಾಡಿದ್ದರು.