ಒಂಬತ್ತನೆಯ ಡಬ್ಬಿ

ಫೆಬ್ರವರಿ 7, 2022. ಬೆಳಿಗ್ಗೆ 10

ಜರ್ಮನ್‌ಟೌನ್‌ನಲ್ಲಿ ಚಳಿ. ವರ್ಕ್ ಫ್ರಮ್ ಹೋಮ್. ಅಂದರೆ ಊಟದ ಮೇಜಿನಲ್ಲಿ ಕೂತು ಹವಾಯಿ ದ್ವೀಪದ ಗಾಳಿ ನೋಡುವುದು. ಜ್ವಾಲಾಮುಖಿ ಹೊಗೆ ಕಾರುತ್ತಿದೆ. ಮ್ಯಾಪಿನಲ್ಲಿ ಗಾಳಿ ಅಳೆಯುವ ಹನ್ನೊಂದು ಸೆನ್ಸರ್ ಡಬ್ಬಿ ಕೆಂಪು, ಅಂದರೆ ಕೆಟ್ಟ ಗಾಳಿ. ಒಂಬತ್ತನೆಯದು ಮಾತ್ರ ಹಸಿರು — ಅಲ್ಲಿ ನಮ್ಮ ಡಬ್ಬಿ ಇಟ್ಟುಕೊಂಡಿರುವ ಮಲಿಯಾ ಆಂಟಿ ಮನೆಯದು. ಅವರ ಊರಿಗೆ ಅದೊಂದೇ. ಹಳೆಯ ಡಬ್ಬಿ ಗಂಧಕದ ಗಾಳಿಗೆ ತುಕ್ಕು ಹಿಡಿದು ಸತ್ತಿತ್ತು, ಹೋದ ತಿಂಗಳು ಹೊಸದು ಕಳಿಸಿದ್ದೆ. ಪುಣ್ಯವಂತೆ, ಗಾಳಿ ಆ ಕಡೆ ಬೀಸುತ್ತಿಲ್ಲ.

ಫೆಬ್ರವರಿ 9

ಇನ್ನೂ ಹಸಿರು. ಆಂಟಿ ಮೇಲ್ ಮಾಡಿದ್ದಾರೆ: ನಿಮ್ಮ ಮ್ಯಾಪ್ ಹಸಿರಿದ್ದರೆ ಮಾತ್ರ ಕಿಮೋನನ್ನು ವಾಕಿಂಗ್ ಕಳಿಸುತ್ತೇನೆ. ಕಿಮೋ ಅವರ ಗಂಡ. ಎಪ್ಪತ್ತೆರಡು, ಆಸ್ತಮಾ. ಓದಿ ಖುಷಿಯಾಯಿತು. ನನ್ನ ಕೆಲಸ ಒಬ್ಬರಿಗಾದರೂ ಉಪಯೋಗಕ್ಕೆ ಬಂತಲ್ಲ!

ಫೆಬ್ರವರಿ 14. ಮಧ್ಯಾಹ್ನ

ಆದದ್ದನ್ನು ಬರೆದಿಡುತ್ತೇನೆ.

12:40. ಮೈಸೂರಿನಿಂದ ಬಂದಿರುವ ಅತ್ತೆ ನಮ್ಮ ಹೊಸ ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಕವರ್ ಹಾಕಿ ರಬ್ಬರ್ ಬ್ಯಾಂಡ್ ಸುತ್ತುತ್ತಿದ್ದರು. ನನ್ನ ಸ್ಕ್ರೀನ್ ಇಣುಕಿದರು.

"ಅದೊಂದ್ಯಾಕೆ ಅಮೂಲ್ಯಾ ಹಸಿರು?"

ತುಕ್ಕು, ಹೊಸ ಡಬ್ಬಿ, ಎಲ್ಲ ಹೇಳಿದೆ.

"ಕಳಿಸೋವಾಗ ಏನಂತ ಬರ್ದಿದ್ದೆ?"

"ಇದನ್ನಾದ್ರೂ ಜೋಪಾನವಾಗಿ ಇಟ್ಕೊಳ್ಳಿ ಅಂತ."

"ಮತ್ತೆ! ಒಳಗಡೆ ಇಟ್ಕೊಂಡಿರ್ತಾರೆ ಬಿಡು."

ಒಳಗಿದ್ದರೆ ಅದು ಅಳೆಯುವುದು ಮನೆಯೊಳಗಿನ ಗಾಳಿಯನ್ನು! ಹವಾಯಿಯಲ್ಲಿ ಆಗ ಬೆಳಿಗ್ಗೆ 7:40. ಆಂಟಿಗೆ ಫೋನ್ ಮಾಡಿ ಡಬ್ಬಿ ಎಲ್ಲಿಟ್ಟಿದ್ದೀರಿ ಎಂದೆ.

"ಅಡುಗೆಮನೆ ಶೆಲ್ಫಲ್ಲಿದೆ, ಟವೆಲ್ ಹೊದಿಸಿದೀನಿ. ಒಂದು ಚೂರೂ ತುಕ್ಕಿಲ್ಲ ನೋಡು!" ದನಿಯಲ್ಲಿ ಎಷ್ಟು ಹೆಮ್ಮೆ.

"ಆಂಟಿ, ಕಿಮೋ ಅಂಕಲ್ ಎಲ್ಲಿ?"

"ಆಗ್ಲೇ ಹೊರಟ್ರಲ್ಲ."

ಫೆಬ್ರವರಿ 18

ನಾಲ್ಕು ದಿನ ಬರೆಯಲಾಗಲಿಲ್ಲ.

ಅಂಕಲ್ ದಾರಿಯಲ್ಲೇ ಉಸಿರು ಸಿಗದೆ ಕೂತುಬಿಟ್ಟಿದ್ದರು. ಆಂಟಿಯೇ ಟ್ರಕ್ ಓಡಿಸಿಕೊಂಡು ಹೋಗಿ ಹುಡುಕಿ ಆಸ್ಪತ್ರೆಗೆ ಸೇರಿಸಿದರು. ಇವತ್ತು ಮನೆಗೆ ಬಂದರಂತೆ, ಸದ್ಯ. ಡಬ್ಬಿ ಈಗ ವರಾಂಡದ ಕಂಬದಲ್ಲಿದೆ. ಒಂಬತ್ತನೆಯದೂ ಕೆಂಪು. ಹನ್ನೊಂದು ಕೆಂಪಿನ ನಡುವೆ ಒಂದು ಹಸಿರು... ವಾರವಿಡೀ ನೋಡಿದೆ. ನನಗೆ ಅನುಮಾನವೇ ಬರಲಿಲ್ಲ.

ಮ್ಯಾನೇಜರ್ ಧೀರಜ್ ಕಾಲ್ ಮಾಡಿದ್ದರು. "ಯೂಸರ್ ಎರರ್, ಬಳಸಿದವರದೇ ತಪ್ಪು ಅಂತ ಹಾಕಿ ಕಂಪ್ಲೇಂಟ್ ಟಿಕೆಟ್ ಕ್ಲೋಸ್ ಮಾಡ್ಬಿಡಿ." ಹಾಕಲು ಮನಸ್ಸು ಬರಲಿಲ್ಲ.

ಸಂಜೆ ಆಂಟಿಯ ಮೇಲ್. ಎರಡೇ ಸಾಲು: ತಪ್ಪು ನನ್ನದು. ಡಬ್ಬಿಯನ್ನು ಬುದ್ಧಿವಂತರ ಮನೆಗೆ ಕೊಡು.

ಉತ್ತರ ಮೊದಲು ಇಲ್ಲಿ ಬರೆದು ನೋಡುತ್ತೇನೆ. ಆಂಟಿ, ನಾನು ಹೇಳಿದ್ದನ್ನೇ ನೀವು ಮಾಡಿದಿರಿ. ಹೊರಗಿಡಿ ಅಂತ ನಾನೇ ಬರೆದಿರಲಿಲ್ಲ.