ಬಲಗೈಯ ಮೂರು ಸ್ವರ

ಆಗಸ್ಟ್ 6, ಬುಧವಾರ

ಸ್ಕ್ಯಾನ್ ರಿಪೋರ್ಟ್, ಆಧಾರ್, ಎರಡು ಲುಂಗಿ, ಫ್ಲಾಸ್ಕ್ — ಎಲ್ಲಾ ಬ್ಯಾಗಿಗೆ. ಟವೆಲ್ ಕೊಡವಿದ್ರೆ ಟ್ರಂಪೆಟ್ಟಿನ ಮೌತ್‌ಪೀಸ್ ಬಿತ್ತು. ಹರ್ನಿಯಾ ಆಪರೇಷನ್ನಿಗೆ ಹೋಗೋ ಮನುಷ್ಯನಿಗೆ ಅದ್ಯಾಕೆ? "ಸುಮ್ನೆ ಕೈಲಿರ್ಲಿ ಅಂತ, ಮಾರಾಯ್ತಿ" ಅಂದ್ರು ನನ್ನ ಗಂಡ. ಕಿತ್ಕೊಂಡು ಅಕ್ಕಿ ಡಬ್ಬಕ್ಕೆ ಹಾಕಿದೆ.

ಈ ಹರ್ನಿಯಾನ ಎಂಟು ತಿಂಗಳು ಮುಚ್ಚಿಟ್ಟಿದ್ರು. ಊದುವಾಗ ತೊಡೆಸಂದಿಲಿ ಗಂಟು ಬರ್ತಿತ್ತಂತೆ. ಒಂದು ಕೈಲಿ ಒತ್ಕೊಂಡು ಊದ್ತಿದ್ರಂತೆ. ಬ್ಯಾಂಡಲ್ಲಿ ಅವರ ಹಿಂದೆ ಗಾಡಿ ಮೇಲೆ ನಿಂತು ಕೀಬೋರ್ಡ್ ನುಡಿಸೋಳು ನಾನು. ಹನ್ನೊಂದು ವರ್ಷ ಈ ಗಂಡನ ಬೆನ್ನು ನೋಡ್ಕೊಂಡೇ ನುಡಿಸಿದ್ದೀನಿ. ಆ ಕೈ ಮಾತ್ರ ಕಾಣ್ಲಿಲ್ಲ ನನಗೆ.

ಆಗಸ್ಟ್ 8, ಶುಕ್ರವಾರ. ಆಸ್ಪತ್ರೆ, ಮಧ್ಯಾಹ್ನ 2

ವರಮಹಾಲಕ್ಷ್ಮಿ ಹಬ್ಬ ಅಂತ ಬೇರೆ ಯಾರೂ ಒಪ್ಪಿರ್ಲಿಲ್ಲ, ನಮಗೆ ಡೇಟ್ ಸಿಕ್ತು. ಅತ್ತೆ ಹೊಸಮನೆ ಬಡಾವಣೆಯ ನಮ್ಮ ಮನೆಲಿ ಕಳಶ ಇಟ್ಟು ಬಂದು ಇಲ್ಲಿ ಗೊಣಗ್ತಾ ಕೂತಿದ್ದಾರೆ.

ಆಯ್ತು. ಜಾಲರಿ ಇಟ್ಟು ಹೊಲಿದಿದ್ದಾರೆ. ಡಾಕ್ಟ್ರು ನನ್ನನ್ನೇ ಕರೆದು ಹೇಳಿದ್ರು — "ಮೂರು ತಿಂಗಳು ಭಾರ ಎತ್ತಬಾರದು, ಮುಕ್ಕರಿಯಬಾರದು, ಊದೋದಂತೂ ಬೇಡವೇ ಬೇಡ. ಹೊಲಿಗೆ ಕಿತ್ಕೊಂಡ್ರೆ ಮತ್ತೆ ಕುಯ್ಬೇಕು. ಆಮೇಲೆ ಟ್ರಂಪೆಟ್ ಮರೆತುಬಿಡಿ."

ಇವರು ಕಣ್ಣು ಬಿಟ್ಟು ಮೊದಲು ಕೇಳಿದ್ದು, "ಗಣಪತಿ ಯಾವತ್ತು?" ಡ್ರಿಪ್ ಇರ್ಲಿಲ್ಲ ಅಂದ್ರೆ ಬಾರಿಸ್ತಿದ್ದೆ.

ಆಗಸ್ಟ್ 23, ಶನಿವಾರ

ಭದ್ರಾವತಿಯಿಂದ ಓಂಕಾರಪ್ಪ ಬಂದಿದ್ದ. ನಮ್ಮ ಬ್ಯಾಂಡಿನ ಯಜಮಾನ. ಕೈಲಿ ನಾಲ್ಕು ಮೋಸಂಬಿ, ಬಾಯಲ್ಲಿ ಬೆಣ್ಣೆ.

"ನಾಲ್ಕನೇ ತಾರೀಖು ನಮ್ಮ ಬೀದಿ ಗಣಪತಿ ಬಿಡೋದು. ಹದಿನಾಲ್ಕು ಜನ ಅಂತ ಒಪ್ಕೊಂಡಿದ್ದೀನಮ್ಮ. ನಿಮ್ಮ ಜಯಕುಮಾರ ಯೂನಿಫಾರ್ಮ್ ಹಾಕಿ ಸುಮ್ನೆ ಹಿಡ್ಕೊಂಡು ನಿಂತ್ರೆ ಸಾಕು. ಡಮ್ಮಿ."

ಡಮ್ಮಿ ಏನೂ ಹೊಸದಲ್ಲ. ತಲೆ ಲೆಕ್ಕಕ್ಕೆ ಯಾರನ್ನೋ ನಿಲ್ಲಿಸಿ ಟೋಪಿ ಹಾಕ್ತಾರೆ, ಅವನು ಕೆನ್ನೆ ಉಬ್ಬಿಸ್ತಾನೆ, ಗಾಳಿ ಬಿಡಲ್ಲ. ಹಾಗಾದ್ರೆ ಬೇರೆ ಯಾರನ್ನಾದ್ರೂ ನಿಲ್ಲಿಸಿ ಅಂದೆ. "ಜನ ಇವನ ಮುಖ ಕೇಳ್ತಾರಮ್ಮ" ಅಂದ. ಇವರು ಮಧ್ಯೆ ಬಾಯಿ ಹಾಕಿ "ಆಗ್ಲಿ" ಅಂದ್ರು. ನನ್ನ ಕಡೆ ತಿರುಗ್ಲೂ ಇಲ್ಲ.

ಅವನು ಹೋದ ಮೇಲೆ ಮನೇಲಿ ರಾಮಾಯಣ. ಕೊನೆಗೆ ಒಂದು ಕರಾರು. ಯಾವಾಗ್ಲೂ ಕಡೇ ಹಾಡಲ್ಲಿ, ಇವರು ಮೇಲಿನ ಸ್ವರಕ್ಕೆ ಏರೋ ಮುಂಚೆ, ನಾನು ಬಲಗೈಲಿ ಮೂರು ಸ್ವರ ನುಡಿಸ್ತೀನಿ — ಗ ಮ ಪ. ನನಗೆ ಬೆನ್ನು ಮಾಡಿ ನಿಂತೋರಿಗೆ ಅದೇ ಸನ್ನೆ. ಕೇಳಿದ ಕೂಡ್ಲೇ ಊದ್ತಾರೆ. ಈ ಸಲ ನಾನು ನುಡಿಸಬಾರದು, ಇವರು ಊದಬಾರದು. ಆ ಜಾಗ ಖಾಲಿ ಇರ್ಲಿ.

ದೇವರ ಮುಂದೆ ಆಣೆ ಹಾಕಿಸಿದೆ. ಅವರಿಂದ.

ಸೆಪ್ಟೆಂಬರ್ 5, ಶುಕ್ರವಾರ

ಊದಿಬಿಟ್ರು.

ನಿನ್ನೆಯ ಸಿಟ್ಟು ಇನ್ನೂ ಇಳಿದಿಲ್ಲ. ಮೂರು ಗಂಟೆಯಿಂದ ಆರರ ತನಕ ಸರಿಯಾಗೇ ಇದ್ರು. ಊದಿದ್ರೆ ಇವರ ಕಿವಿ ಕೆಂಪಗಾಗುತ್ತೆ. ಅದನ್ನೇ ನೋಡ್ಕೊಂಡು ನುಡಿಸ್ತಿದ್ದೆ, ಕೀಬೋರ್ಡ್ ಕಡೆ ಕಣ್ಣೇ ಇರ್ಲಿಲ್ಲ. ಕಡೇ ಹಾಡು... ಕಿವಿ ಕೆಂಪಗಾಯ್ತು, ಆ ಸ್ವರ ಎದ್ದು ಬಂತು. ಬೀದಿಯೆಲ್ಲಾ ಶಿಳ್ಳೆ. ಇವರು ಮಾತ್ರ ಟ್ರಂಪೆಟ್ ಹಿಡ್ಕೊಂಡೇ ಕುಕ್ಕರಗಾಲಲ್ಲಿ ಕೂತ್ರು.

ಗಾಡಿಯಿಂದ ಇಳಿದು ಎಲ್ಲರ ಮುಂದೆ ಬೈದೆ. ಓಂಕಾರಪ್ಪನಿಗೂ ಬೈದೆ. ಆಣೆ ಮುರಿದೋನಿಗೆ ಹೆಂಡತಿ ಯಾಕೆ ಬೇಕು ಅಂದೆ. "ತಪ್ಪಾಯ್ತು" ಅಂದ್ರು, ಅಷ್ಟೇ.

ಸೆಪ್ಟೆಂಬರ್ 9, ಮಂಗಳವಾರ

ಗಂಟು ವಾಪಸ್. ಶುಕ್ರವಾರ ಮತ್ತೆ ಆಪರೇಷನ್. ಡಾಕ್ಟ್ರು, "ನಾನು ಹೇಳಿದ್ದೆ ತಾನೇ?" ಇವರು, "ಅಭ್ಯಾಸ, ಸಾರ್." ಆಟೋದಲ್ಲಿ ಮನೆ ತನಕ ಬೈದೆ. ಅತ್ತೆನೂ ಸೇರ್ಕೊಂಡ್ರು.

ಸೆಪ್ಟೆಂಬರ್ 10, ಬುಧವಾರ

ಓಂಕಾರಪ್ಪ ವಿಡಿಯೋ ಕಳಿಸಿದ್ದಾನೆ, ಹೆಂಗೆ ಊದಿದ್ದಾನೆ ನೋಡಮ್ಮ ಅಂತ. ನಾಚಿಕೆ ಇಲ್ಲದೋನು. ಬೈಯೋಕೇ ಅಂತ ತೆಗೆದೆ.

ಆರು ಸಲ ನೋಡಿದೆ.

ಗ ಮ ಪ. ಸ್ಪಷ್ಟವಾಗಿದೆ. ಕಿವಿ ಕೆಂಪಗಾಗೋ ಮುಂಚೆ.

ನನ್ನ ಬಲಗೈ. ಹನ್ನೊಂದು ವರ್ಷದ ಅಭ್ಯಾಸ, ಕೈ ತಾನೇ ಹೋಗಿದೆ. ನನಗೆ ನೆನಪೇ ಇಲ್ಲ.

ಸೆಪ್ಟೆಂಬರ್ 12, ಶುಕ್ರವಾರ. ಆಸ್ಪತ್ರೆ, ಬೆಳಿಗ್ಗೆ 7:40

ವಿಡಿಯೋ ನೋಡಿ ಎರಡು ದಿನ ಆಯ್ತು. ಈಗ ಕೇಳಿದೆ.

"ನಾನು ನುಡಿಸಿದ್ದು ಗೊತ್ತಿತ್ತಾ ನಿಮಗೆ?"

"ಹ್ಞೂಂ."

"ಮತ್ತೆ ಬಾಯಿ ಬಿಡೋಕೆ ಏನಾಗಿತ್ತು? ಆರು ದಿನ ಬೈಸ್ಕೊಂಡ್ರಲ್ಲ."

"ನಿನಗೆ ಗೊತ್ತಾದ್ರೆ ಮತ್ತೆ ಕೀಬೋರ್ಡ್ ಮುಟ್ತಿದ್ಯಾ?"

ಇದೂ ಮುಚ್ಚಿಟ್ಟದ್ದೇ. ಗಂಟು ಮುಚ್ಚಿಟ್ಟ ಹಾಗೇ. ಹಾಳಾದ ಮನುಷ್ಯ. ಇದಕ್ಕೂ ಬೈದೆ, ಅಳ್ತಾ ಬೈದೆ. ನಾನು ನುಡಿಸಿದ್ರೆ ನೀವು ಊದ್ಲೇಬೇಕಿತ್ತಾ ಅಂದೆ.

"ನೀನು ಕರೆದೆ ಅನ್ಕೊಂಡೆ, ದಿವ್ಯಾ."

ಗಣಪತಿ ದಿನ ತೆಗೆದುಕೊಟ್ಟು ಮತ್ತೆ ಅಕ್ಕಿ ಡಬ್ಬಕ್ಕೇ ಹಾಕಿದ್ದ ಮೌತ್‌ಪೀಸ್ ತಂದಿದ್ದೆ, ಕೈಗೆ ಕೊಟ್ಟೆ. ಸ್ಟ್ರೆಚರ್ ಬಂದಾಗ ನರ್ಸ್ ಇದೆಲ್ಲಾ ಒಳಗೆ ಬೇಡ ಅಂತ ವಾಪಸ್ ಕೊಟ್ರು. ಬೆಚ್ಚಗಿದೆ ಇನ್ನೂ. ಇವರು ಒಳಗೆ ಹೋಗಿ ಹತ್ತು ನಿಮಿಷ ಆಯ್ತು. ಹೊರಗೆ ಬರ್ಲಿ, ಮೊದಲು ಹೇಳ್ಬೇಕು, ನಾನು ಇನ್ಮೇಲೆ ಆ ಮೂರು ಸ್ವರ ನುಡಿಸ್ತೀನಿ, ನೀವು ಊದಬೇಡಿ, ಸುಮ್ನೆ ಕೇಳಿ ಅಂತ.